ಗಂಡು ಮರದ ಸಂಬಳ

ಜಾಯಿಕಾಯಿ ಸಸಿ ಕೊಳ್ಳುವುದೂ ಲಾಟರಿ ಟಿಕೆಟ್ ಕೊಳ್ಳುವುದೂ ಒಂದೇ. ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಕಾಯಿ ಬಿಡುವುದು ಹೆಣ್ಣು. ಬೀಜದಿಂದ ಎದ್ದ ಸಸಿ ಯಾವುದೆಂದು ಹೂ ಬಿಟ್ಟ ಮೇಲೆಯೇ ಗೊತ್ತಾಗುವುದು. ಆ ಹೂವಿಗೆ ಆರೇಳು ವರ್ಷ ಕಾಯಬೇಕು. ಲಾಟರಿಯಾದರೆ ಸಂಜೆಗೇ ಫಲಿತಾಂಶ.

ಉಡುಪಿಯಿಂದ ಸ್ವಲ್ಪ ಒಳಗೆ, ನಮ್ಮ ಅಡಿಕೆ ತೋಟದ ಅಂಚಿನಲ್ಲಿ ಅಪ್ಪ ನೆಟ್ಟದ್ದು ಅಂಥದ್ದೇ ಒಂದು ಸಸಿ. "ಹೆಣ್ಣೇ, ಡೌಟೇ ಬೇಡ" ಎಂದಿದ್ದರಂತೆ ಮಾರಿದವರು. ಬುಡಕ್ಕೆ ಸೊಪ್ಪು, ಗೊಬ್ಬರ, ಬೇಸಿಗೆಯಲ್ಲಿ ಎರಡು ಹೊತ್ತು ನೀರು. ನಮಗೆ ಮಕ್ಕಳಿಗೂ ಅಷ್ಟು ಉಪಚಾರ ನಡೆದಿರಲಿಲ್ಲ. ಕೊನೆಗೂ ಒಂದು ವರ್ಷ ಮರದ ತುಂಬ ಹೂ. ತಿಳಿ ಹಳದಿ, ಬೆರಳ ತುದಿಯಲ್ಲಿ ಕೂರುವಷ್ಟು ಸಣ್ಣವು, ಗೊಂಚಲು ಗೊಂಚಲು. ಅಮ್ಮ ಖುಷಿಗೆ ಪಾಯಸ ಮಾಡಿದರು.

ವಿಟ್ಲದ ಭಾವ ಬಂದು ಒಂದು ಗೊಂಚಲು ಕಿತ್ತು ತಿರುಗಿಸಿ ನೋಡಿದರು. "ಗೊಂಚಲಲ್ಲಿ ಇಷ್ಟು ಹೂವಿದ್ದರೆ ಗಂಡೇ ಮಾವ. ಹೆಣ್ಣಾದರೆ ಒಂದೋ ಎರಡೋ" ಎಂದು ಹೇಳಿ, ಪಾಯಸಕ್ಕೆ ಮತ್ತೊಮ್ಮೆ ಲೋಟ ಮುಂದೆ ಮಾಡಿದರು.

ಅಪ್ಪನ ಮುಖ ನೋಡಲಾಗದೆ ಭಾವ ಚರಿತ್ರೆಗೆ ಇಳಿದರು. ಹಿಂದೆ ಜಗತ್ತಿನ ಜಾಯಿಕಾಯಿಯೆಲ್ಲ ಇಂಡೋನೇಷ್ಯಾದ ಬಾಂಡಾ ದ್ವೀಪಗಳಿಂದಲೇ ಬರಬೇಕಿತ್ತು. ಅದಕ್ಕಾಗಿ ಡಚ್ಚರಿಗೂ ಇಂಗ್ಲಿಷರಿಗೂ ಹೊಡೆದಾಟ. 1667ರ ಬ್ರೆಡಾ ಒಪ್ಪಂದದಲ್ಲಿ ರನ್ ಎಂಬ ಚೂರು ದ್ವೀಪ ಡಚ್ಚರಿಗೆ ಉಳಿಯಿತು, ಮ್ಯಾನ್‌ಹ್ಯಾಟನ್ ಇಂಗ್ಲಿಷರಿಗೆ. ಅಪ್ಪ ಎಲ್ಲ ಕೇಳಿ ಹೇಳಿದ್ದು ಇಷ್ಟೇ: "ಡಚ್ಚರು ಹೂ ನೋಡಿಯೇ ತಗೊಂಡಿರಬೇಕು."

ನಿಜವಾದ ಉರಿ ಶುರುವಾದದ್ದು ಮರುವರ್ಷ. ಆಚೆ ತೋಟದವರ ಜಾಯಿಕಾಯಿ ಮರಗಳು ಅಲ್ಲಿಯವರೆಗೆ ಸುಮ್ನೆ ನಿಂತಿದ್ದವು. ಎಲ್ಲ ಕಸಿ ಗಿಡ, ಎಲ್ಲವೂ ಹೆಣ್ಣು. ಈಗ ಕೊಂಬೆ ಕೊಂಬೆಯಲ್ಲೂ ಕಾಯಿ! ಹತ್ತು ಹೆಣ್ಣಿಗೆ ಒಂದು ಗಂಡು ಸಾಕು ಎಂದು ಭಾವ ಲೆಕ್ಕ ಹೇಳಿದ ಮೇಲೆ ಅಪ್ಪ ರಾತ್ರಿ ಊಟವನ್ನೇ ಸರಿ ಮಾಡಲಿಲ್ಲ. ನೀರು ಗೊಬ್ಬರ ನಮ್ಮದು, ಫಸಲು ಅವರದ್ದು.

ಹಾಗಂತ ಅವರು ಕೃತಜ್ಞತೆ ಇಲ್ಲದವರಲ್ಲ. ನಮಗೆ ಸಿಪ್ಪೆ ಕೊಡುತ್ತಾರೆ. ಹಣ್ಣು ಹಳದಿಯಾಗಿ ಬಿರಿದರೆ ಒಳಗೆ ಕರಿಗಂದು ಬೀಜ, ಅದನ್ನು ಅಪ್ಪಿ ಹಿಡಿದ ಕೆಂಪು ಜಾಪತ್ರೆ. ಎರಡಕ್ಕೂ ಒಳ್ಳೆ ರೇಟು, ಜಾಪತ್ರೆಗಂತೂ ಜಾಸ್ತಿ. ಅವೆರಡನ್ನೂ ತೆಗೆದಿಟ್ಟುಕೊಂಡು ಸಿಪ್ಪೆ ಬುಟ್ಟಿಗಟ್ಟಲೆ ನಮ್ಮ ಜಗಲಿಗೆ. ಹುಳಿ, ಒಗರು, ಜೊತೆಗೆ ಅದೇ ಘಾಟು. ಅಮ್ಮ ಅದನ್ನು ಉಪ್ಪಿನಕಾಯಿ ಮಾಡಿದರು, ಚಟ್ನಿ ಮಾಡಿದರು, ಶರಬತ್ತೂ ಮಾಡಿದರು. ನೆಂಟರು ಬರುವುದು ಸ್ವಲ್ಪ ಕಡಿಮೆಯಾಯಿತು.

ಆಟಿ ತಿಂಗಳ ಜಡಿಮಳೆಯಲ್ಲಿ ಅವರಿಗೆ ಒಣಗಿಸುವ ಚಿಂತೆ. ಕರೆಂಟ್ ಇಲ್ಲ, ಬಿಸಿಲಿಲ್ಲ. ಜಾಪತ್ರೆಯ ಗೆರಸೆ ಹೊತ್ತು ನಮ್ಮ ಬಚ್ಚಲೊಲೆಗೆ ಬಂದರು. ಅಪ್ಪನ ಬೈರಾಸವೂ ಒಣಗುವುದು ಅಲ್ಲೇ, ಹಂಡೆಯ ಮೇಲಿನ ಹಗ್ಗದಲ್ಲಿ. ಅದನ್ನೇ ಹೆಗಲಿಗೆ ಹಾಕಿಕೊಂಡು ಅಪ್ಪ ದೇವಸ್ಥಾನಕ್ಕೆ ಹೋದರೆ ಪಕ್ಕದಲ್ಲಿ ಕೂತವರು ಮೂಸಿ ಮೂಸಿ, "ಎಂತ ಸೆಂಟು ಮಾರಾಯ್ರೆ ಇದು, ಮಗ ದುಬೈಯಿಂದ ತಂದದ್ದಾ?" ಎಂದು ಕೇಳಿದರಂತೆ. ಮಗ, ಅಂದರೆ ನಾನು, ಮಂಗಳೂರಿನಿಂದ ಆಚೆ ಹೋದವನಲ್ಲ.

ವಾರದ ಮೇಲೆ ಗೆರಸೆ ವಾಪಸ್ ಕೊಟ್ಟಾಗ ಆಚೆಯವರು ಬೆಳಕಿಗೆ ಹಿಡಿದು ನೋಡಿದರು. "ಸ್ವಲ್ಪ ಹೊಗೆ ಹಿಡಿದಿದೆ ಅಲ್ವಾ? ಬಣ್ಣ ಹೋದರೆ ರೇಟ್ ಬರೂದಿಲ್ಲ."

ಅಪ್ಪ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ಕೊಡಲಿ ಹಿಡಿದು ಮರದ ಬುಡದಲ್ಲಿ ನಿಂತಿದ್ದರು. ಗಂಡು ಮರದ ತಲೆ ಕಡಿದು, ಚಿಗುರಿಗೆ ಹೆಣ್ಣಿನ ಕಸಿ ಕಟ್ಟಬಹುದು ಎಂದು ಭಾವ ಫೋನಿನಲ್ಲಿ ಹೇಳಿದ್ದರು. ಆಚೆಯವರು ಬೇಲಿ ದಾಟಿ ಓಡಿ ಬಂದರು.

"ಕಡೀಬೇಡಿ ಮಾರಾಯ್ರೆ, ನಮ್ಮ ಗತಿ ಎಂತದ್ದು?"

"ಹಾಗಾದರೆ ನಮ್ಮ ಮರಕ್ಕೆ ಸಂಬಳ ಕೊಡಿ" ಎಂದರು ಅಪ್ಪ.

ಚೌಕಾಸಿ ಕಾಫಿಯವರೆಗೆ ಎಳೆಯಿತು. ವರ್ಷಕ್ಕೆ ಒಂದು ಸೇರು ಕಾಯಿ, ಒಂದು ಮುಷ್ಟಿ ಜಾಪತ್ರೆ ಎಂದು ತೀರ್ಮಾನ. "ಸಿಪ್ಪೆ ಮಾತ್ರ ಎಷ್ಟು ಬೇಕಾದರೂ ಕೊಡ್ತೇನೆ" ಎಂದು ಅವರು ಉದಾರವಾಗಿ ಸೇರಿಸುವಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಕೂಗಿದರು: "ಸಿಪ್ಪೆ ಕೊಡುವುದಾದರೆ ಮರ ಕಡಿಯಿರಿ!"