ಅಪ್ಪನ ಎಡಗಣ್ಣು ಎಲ್ಲಿ ಹೋಯ್ತು?

ನಿನ್ನೆ ಕ್ಯಾತ್ಸಂದ್ರದ ಕಡೆ ಹೊಸ ಬಡಾವಣೆಯಲ್ಲಿ ಹಳೇ ಪರಿಚಯದವರೊಬ್ಬರ ಗೃಹಪ್ರವೇಶ ಇತ್ತು. ಮನೆ ಚೆನ್ನಾಗಿದೆ, ಊಟವೂ ಚೆನ್ನಾಗಿತ್ತು. ಆದರೆ ಅವರ ಹಾಲ್‌ನ ಎರಡು ಗೋಡೆಗಳು ರಾತ್ರಿಯೆಲ್ಲಾ ತಲೆ ತಿಂದವು. ಬರೆದು ಹಾಕದೆ ಸಮಾಧಾನ ಇಲ್ಲ.

ಸೋಫಾದ ಹಿಂದಿನ ಗೋಡೆಗೆ ಆಳೆತ್ತರದ ಕ್ಯಾನ್ವಾಸ್. ಬೆಂಗಳೂರಿನ ಗ್ಯಾಲರಿಯೊಂದರಲ್ಲಿ ಕೊಂಡದ್ದು. ಒಬ್ಬ ಗಂಡಸಿನ ಮುಖ. ಕೆಂಪಿನ ಮೇಲೆ ಕಪ್ಪು ಬಳಿದು, ಕಪ್ಪು ಒಣಗುವ ಮೊದಲೇ ಬ್ರಷ್ಷಿನ ಹಿಂತುದಿಯಿಂದ ಗೀರಿ ಒಳಗಿನ ಕೆಂಪನ್ನು ಎಬ್ಬಿಸಿದ್ದಾರೆ. ಒಂದು ಕಣ್ಣಿನ ಜಾಗದಲ್ಲಿ ಬಣ್ಣ ಬೆರಳು ದಪ್ಪ ಕೂತಿದೆ, ಇನ್ನೊಂದರಲ್ಲಿ ಬಟ್ಟೆಯ ನೇಯ್ಗೆ ಕಾಣುವಷ್ಟು ಕೆರೆದಿದೆ. ದವಡೆ ಒಂದು ಪಕ್ಕಕ್ಕೆ ಜಾರಿದೆ. ಬಿಡಿಸಿದವರ ಕೈಯಲ್ಲಿ ನಿಜವಾದ ಕಸುವಿದೆ. ಪಾಯಸದ ಲೋಟ ಹಿಡಿದುಕೊಂಡೇ ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ.

ತಿರುಗಿದರೆ ಎದುರು ಗೋಡೆಯಲ್ಲಿ ಮನೆಯ ಯಜಮಾನರ ತಂದೆಯವರ ಫೋಟೊ, ಗಂಧದ ಹಾರ. ಆ ಹಿರಿಯರನ್ನು ನಾನು ಚೆನ್ನಾಗಿ ಬಲ್ಲೆ. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದರು, ತಿಪಟೂರಿನ ಹರಾಜು ತಪ್ಪಿಸಿದವರಲ್ಲ. ಎಡಗಣ್ಣಿನ ರೆಪ್ಪೆ ಅರ್ಧ ಜೋತಿತ್ತು. ಕೊಬ್ಬರಿಯನ್ನು ಬೆಳಕಿಗೆ ಹಿಡಿದು, ಮುಖ ವಾರೆ ಮಾಡಿ, ಆ ಅರ್ಧ ಕಣ್ಣಲ್ಲೇ ನೋಡಿ ಬೆಲೆ ಹೇಳುತ್ತಿದ್ದರು. ಕೆನ್ನೆ ತುಂಬಾ ಸಿಡುಬಿನ ಗುಳಿ. ಫೋಟೊದಲ್ಲಿ ಗುಳಿ ಇಲ್ಲ, ಹಣೆಯ ಗೆರೆ ಇಲ್ಲ, ಕಿವಿಯ ಕೂದಲಿಲ್ಲ. ಎಡಗಣ್ಣು ಪೂರ್ತಿ ತೆರೆದಿದೆ! ಹತ್ತಿರ ಹೋಗಿ ನೋಡಿದೆ. ಬಲಗಣ್ಣನ್ನು ಕಾಪಿ ಮಾಡಿ, ತಿರುಗಿಸಿ, ಎಡಕ್ಕೆ ಅಂಟಿಸಿದ್ದಾರೆ. ಕಣ್ಣೊಳಗಿನ ಬೆಳಕಿನ ಚುಕ್ಕೆ ಒಂದರಲ್ಲಿ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಒಂದೇ ದೀಪದ ಕೆಳಗೆ ಕೂತ ಮನುಷ್ಯನ ಕಣ್ಣಲ್ಲಿ ಹಾಗೆ ಆಗುವುದಿಲ್ಲ.

"ಸ್ಟುಡಿಯೋದವರು ನೀಟಾಗಿ ಮಾಡ್ಕೊಟ್ರು ಮೇಷ್ಟ್ರೇ" ಅಂದರು ಯಜಮಾನರು. "ಆ ಕಡೆ ಇರೋ ಚಿತ್ರ ಯಾರದು?" ಅಂದೆ. "ಯಾರೋ. ನಿಯೋ ಎಕ್ಸ್‌ಪ್ರೆಷನಿಸ್ಟ್ ಅಂತೆ. ಮುಂದೆ ಒಳ್ಳೇ ಬೆಲೆ ಬರುತ್ತೆ ಅಂದ್ರು." ಒಳಗಿನ ತಳಮಳಕ್ಕೆ ತಕ್ಕಂತೆ ಮುಖ, ಮೈಗಳನ್ನು ತಿರುಚಿ, ಒರಟಾಗಿ ಬಣ್ಣ ಬಳಿಯುವ ಪಂಥ ಅದು.

ನನ್ನ ಸಿಟ್ಟು ಇಷ್ಟೇ. ಗುರುತಿಲ್ಲದವನ ಮುಖ ಸೀಳಿಹೋಗಿದ್ದರೆ ಲಕ್ಷಗಟ್ಟಲೆ ಕೊಟ್ಟು ತರುತ್ತೇವೆ. ಹೆತ್ತಪ್ಪನ ಮುಖದಲ್ಲಿ ಒಂದು ರೆಪ್ಪೆ ಜೋತಿದ್ದರೆ ದುಡ್ಡು ಕೊಟ್ಟು ಅಳಿಸುತ್ತೇವೆ.

ಈ ನಯ ಮಾಡುವ ಕೆಲಸ ನನಗೆ ಹೊಸದಲ್ಲ, ನಿಮಗೆಲ್ಲಾ ಗೊತ್ತೇ ಇದೆ. ಡ್ರಾಯಿಂಗ್ ಮೇಷ್ಟ್ರ ಸಂಬಳದಲ್ಲಿ ಮನೆ ನಡೆಯದಿದ್ದಾಗ ಸಂಜೆ ಹೊತ್ತು ಕೂತು ಎನ್‌ಲಾರ್ಜ್‌ಮೆಂಟ್ ಬರೆದವನು ನಾನು. ಪಾಸ್‌ಪೋರ್ಟ್ ಫೋಟೊದ ಮೇಲೆ ಚೌಕ ಹಾಕಿ, ಪೆನ್ಸಿಲ್ ಪುಡಿಯನ್ನು ಹತ್ತಿಯಲ್ಲಿ ಉಜ್ಜಿ ಕೆನ್ನೆ ಎಬ್ಬಿಸಿ, ರಬ್ಬರಿನ ಚೂಪು ತುದಿಯಲ್ಲಿ ಕಣ್ಣಿಗೆ ಬೆಳಕು ಕೊಟ್ಟು ಬರೆಯುತ್ತಿದ್ದೆ. "ಸ್ವಲ್ಪ ಬೆಳ್ಳಗೆ ಮಾಡಿ ಮೇಷ್ಟ್ರೇ" ಅನ್ನದ ಗಿರಾಕಿ ಕಡಿಮೆ. ಅವರ ಮೇಲೆ ನನಗೆ ಬೇಸರವಿಲ್ಲ. ಸ್ಟುಡಿಯೋದ ಹುಡುಗರ ಮೇಲೂ ಇಲ್ಲ, ಹೇಳಿದ್ದನ್ನು ಅವರು ಮಾಡುತ್ತಾರೆ. ಬೇಸರ ಇರುವುದು ಒಡೆದ ಮುಖದ ಬೆಲೆ ಗೊತ್ತಿದ್ದೂ ಅದನ್ನು ಎದುರು ಗೋಡೆಗೆ ತರದವರ ಮೇಲೆ.

ಯಾಕೆಂದರೆ ಈ ಪಂಥದ ಚಿತ್ರಗಳು ಯಾರದೋ ಮುಖವನ್ನು ಸುಮ್ಮನೆ ಕೆಡಿಸಿ ಹುಟ್ಟಿದವಲ್ಲ. 1970ರ ದಶಕದ ಕೊನೆಗೆ ಅಮೆರಿಕ, ಯುರೋಪಿನ ಗ್ಯಾಲರಿಗಳಲ್ಲಿ ಕಲೆ ಅಂತ ಇಟ್ಟ ಲೋಹದ ಪೆಟ್ಟಿಗೆ, ಬರೀ ಗೆರೆ, ಬರೀ ಬರಹ ನೋಡಿ ನೋಡಿ ಜನರಿಗೆ ಸಾಕಾಗಿತ್ತು. ಆಗ ಜರ್ಮನಿ, ಇಟಲಿ, ನ್ಯೂಯಾರ್ಕ್‌ಗಳಲ್ಲಿ ಒಂದೇ ಸಲಕ್ಕೆ ಬಣ್ಣ, ಕೈ, ಮನುಷ್ಯನ ಮೈ ವಾಪಸ್ ಬಂದವು. 1981ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿ ಇದಕ್ಕೊಂದು ದೊಡ್ಡ ಪ್ರದರ್ಶನವನ್ನೇ ಮಾಡಿತು. ಕೊಳ್ಳುವವರು ಮುಗಿಬಿದ್ದದ್ದು ಯಾಕೆ ಅಂತ ನನಗೆ ಅರ್ಥವಾಗುತ್ತದೆ. ಬಿಡಿಸಿದವನ ಭುಜ ಎಷ್ಟು ಜೋರಾಗಿ ಬೀಸಿತ್ತು ಅಂತ ಬಣ್ಣದಲ್ಲೇ ಕಾಣುತ್ತದೆ. ಕೋಣೆಯ ಯಾವ ಮೂಲೆಯಲ್ಲಿ ನಿಂತರೂ ಆ ಮುಖ ನಿಮ್ಮನ್ನು ಬಿಡುವುದಿಲ್ಲ. ದೂರದಿಂದಲೇ ಇದು ಇಂಥವರದು ಅಂತ ಗುರುತಾಗುತ್ತದೆ, ಮಾರುಕಟ್ಟೆಗೆ ಅದು ಬಹಳ ಮುಖ್ಯ.

ಆದರೆ ಜರ್ಮನಿಯ ಬಾಸೆಲಿಟ್ಜ್‌ನನ್ನು ನೋಡಿ. 1969ರಿಂದ ತಲೆಕೆಳಗಾಗಿ ಚಿತ್ರ ಬರೆದವನು. ಬರೆದು ಆಮೇಲೆ ತಿರುಗಿಸಿದ್ದಲ್ಲ, ಬರೆಯುವಾಗಲೇ ತಲೆಕೆಳಗು. ಹಾಗೆ ಮತ್ತೆ ಮತ್ತೆ ಬರೆದದ್ದು ಯಾರನ್ನು? ಹೆಂಡತಿ ಎಲ್ಕೆಯನ್ನು. ಅಮೆರಿಕದ ಶ್ನಾಬೆಲ್ ಒಡೆದ ಪಿಂಗಾಣಿ ತಟ್ಟೆಗಳನ್ನು ಹಲಗೆಗೆ ಅಂಟಿಸಿ ಅದರ ಮೇಲೆ ಮುಖ ಬರೆದ. ಆ ಚೂರುಗಳ ಮೇಲೆ ಮೂಡಿದವರಲ್ಲಿ ಎಷ್ಟೋ ಮಂದಿ ಅವನ ಸ್ನೇಹಿತರು, ಮನೆಯವರು. ಇಟಲಿಯ ಕ್ಲೆಮೆಂಟೆ ನಮ್ಮ ಪಕ್ಕದ ಮದ್ರಾಸಿಗೆ ಬಂದು, ಇಲ್ಲಿಯ ಬೋರ್ಡ್ ಬರೆಯುವವರ ಜೊತೆ ಕೆಲಸ ಮಾಡಿದವನು. ಅವನು ಎಡೆಬಿಡದೆ ಬರೆದದ್ದು ತನ್ನದೇ ಮುಖವನ್ನು. ನಿಯೋ ಎಕ್ಸ್‌ಪ್ರೆಷನಿಸ್ಟ್ ಅನ್ನುವ ಹೆಸರು ಹುಟ್ಟುವ ಎಷ್ಟೋ ಮೊದಲೇ ನಮ್ಮ ಗೋವಾದ ಎಫ್.ಎನ್. ಸೋಜಾ ಹಣೆಗೆ ಕಣ್ಣು ಏರಿಸಿ, ಕೆನ್ನೆಗೆ ಗೀರು ಹಾಕಿ ತಲೆಗಳನ್ನು ಬರೆದರು. ಅವರೂ ಚಿಕ್ಕಂದಿನಲ್ಲಿ ಸಿಡುಬು ಬಂದು ಉಳಿದವರೇ.

ಅಂದರೆ ಹತ್ತಿರದವರನ್ನು, ತನ್ನನ್ನು, ಬಿಡದೆ ನೋಡಿ ನೋಡಿ ಬಂದ ವಿಕಾರ ಅದು. ಪರಿಚಯ ಇಲ್ಲದೆ ಆ ಗೀರು ಬೀಳುವುದಿಲ್ಲ.

ನ್ಯೂಯಾರ್ಕಿನ ಚಿತ್ರಕಾರ ಬಾಸ್ಕಿಯಾ ಹೆಸರು ಹೇಳಿ ಯಾರಾದರೂ ವಾದಕ್ಕೆ ಬಂದೇ ಬರುತ್ತೀರಿ. 1982ರಲ್ಲಿ ಅವನು ಬರೆದ ಬುರುಡೆಯಂಥ ತಲೆಯ ಚಿತ್ರಕ್ಕೆ ಹೆಸರೇ ಇಲ್ಲ, ಯಾರ ತಲೆಯೂ ಅಲ್ಲ. 1984ರಲ್ಲಿ 19,000 ಡಾಲರಿಗೆ ಹೋದದ್ದು 2017ರಲ್ಲಿ ನ್ಯೂಯಾರ್ಕ್‌ನ ಸಾದಬೀಸ್ ಹರಾಜಿನಲ್ಲಿ 11.05 ಕೋಟಿ ಡಾಲರಿಗೆ ಜಪಾನಿನ ಉದ್ಯಮಿ ಮಯೆಜಾವಾ ಕೈ ಸೇರಿತು. ಗುರುತಿಲ್ಲದ ಮುಖಕ್ಕೇ ಅಷ್ಟು ಬೆಲೆ ಬಂತಲ್ಲ ಅಂತ ಕೇಳಬಹುದು. ಸರಿ, ಮನುಷ್ಯನ ಹೆಸರಿಲ್ಲ. ಆದರೆ ಆ ಹುಡುಗನಿಗೆ ಏಳನೇ ವಯಸ್ಸಿನಲ್ಲಿ ಕಾರು ಡಿಕ್ಕಿ ಹೊಡೆದು ಆಸ್ಪತ್ರೆಯಲ್ಲಿ ಮಲಗಿದ್ದಾಗ ತಾಯಿ ತಂದುಕೊಟ್ಟದ್ದು ದೇಹರಚನೆಯ ಪುಸ್ತಕ. ಮುರಿದ ಮೈಯಲ್ಲಿ ಮಲಗಿ ಎಲುಬು, ಹಲ್ಲು, ಬುರುಡೆ ನೋಡಿದವನು. 1988ರಲ್ಲಿ ಇಪ್ಪತ್ತೇಳಕ್ಕೇ ಹೋಗಿಬಿಟ್ಟ. ಆ ತಲೆ ಅವನಿಗೆ ಗುರುತಿರಲಿಲ್ಲ ಅಂತ ನಾನು ಒಪ್ಪುವುದಿಲ್ಲ.

ಇನ್ನೊಂದು ಮಾತು ನಿನ್ನೆ ಅಲ್ಲೇ ಕೇಳಿಬಂತು. ಸತ್ತವರ ಫೋಟೊ ಪೂಜೆಗೆ ಇಡುವುದು, ನೋಡಿದರೆ ನೆಮ್ಮದಿ ಆಗಬೇಕು, ಅಲ್ಲಿ ಸಿಡುಬಿನ ಗುಳಿ ಯಾಕೆ ಅಂತ. ದುಃಖದಲ್ಲಿರುವ ಮನೆಯವರಿಗೆ ನಾನು ಎದುರಾಡುವುದಿಲ್ಲ. ಆದರೆ ತುಮಕೂರಿನವರು ಈ ಮಾತು ಆಡಬಾರದು. ನಮ್ಮೂರಿನ ಯಾವ ಅಂಗಡಿ, ಯಾವ ಹೋಟೆಲ್ಲಿನ ಗಲ್ಲಾಪೆಟ್ಟಿಗೆ ಮೇಲಾದರೂ ನೋಡಿ, ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಪಟ ಇದೆ. 2019ರ ಜನವರಿಯಲ್ಲಿ, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದವರು. ನಾವು ಇಟ್ಟುಕೊಂಡಿರುವುದು ಅವರ ಯೌವನದ ಪಟವನ್ನಲ್ಲ. ಬಾಗಿದ ಬೆನ್ನು, ಸುಕ್ಕಿನೊಳಗೆ ಸುಕ್ಕು, ಒಳಗಿಳಿದ ಕಣ್ಣು ಇರುವ ಪಟವನ್ನು. ಅದರ ಒಂದು ಗೆರೆ ಅಳಿಸಿ ಅಂತ ಯಾರಾದರೂ ಕೇಳಿದ್ದೀರಾ? ಆ ಮುಖ ನೋಡಿ ನೆಮ್ಮದಿ ಪಡುವ ಊರಿಗೆ ಅಪ್ಪನ ಜೋತ ರೆಪ್ಪೆ ಹೇಗೆ ಭಾರವಾಯಿತು?

"ಇಂಥ ಪೇಂಟಿಂಗ್ ನಮ್ಮ ಜನಕ್ಕೆ ಅರ್ಥ ಆಗಲ್ಲ" ಅನ್ನುವ ಮಾತಂತೂ ನನಗೆ ಮೈ ಉರಿಸುತ್ತದೆ. ನಮ್ಮ ಹಳ್ಳಿಗಳ ಜಾತ್ರೆಯಲ್ಲಿ ಸೋಮನ ಕುಣಿತ ನೋಡಿದವರು ನೀವು. ಉರಿಗೆಂಪು ಮುಖ, ಹೊರಚಾಚಿದ ಹಲ್ಲು, ಗುಡ್ಡೆ ಎದ್ದ ಕಣ್ಣು. ಆ ಮುಖವಾಡ ಮುಂದೆ ಬಂದರೆ ಮಗುವನ್ನು ಎತ್ತಿ ಹಿಡಿದು ಕೈ ಮುಗಿಯುತ್ತೇವೆ. 1905ರಲ್ಲಿ ಡ್ರೆಸ್ಡೆನ್‌ನಲ್ಲಿ ಒಟ್ಟಾದ ಜರ್ಮನಿಯ ಮೊದಲ ಎಕ್ಸ್‌ಪ್ರೆಷನಿಸ್ಟರು ಇಂಥ ಬಲವನ್ನು ಹುಡುಕಿಕೊಂಡು ಮ್ಯೂಸಿಯಮ್ಮಿಗೆ ಹೋಗಿ, ಆಫ್ರಿಕಾ ಮತ್ತು ಪೆಸಿಫಿಕ್ ದ್ವೀಪಗಳ ಕೆತ್ತನೆಗಳ ಮುಂದೆ ನಿಲ್ಲಬೇಕಾಯಿತು. ನಮಗೆ ಅದು ಮಾರಮ್ಮನ ಗುಡಿ ಮುಂದೆಯೇ ಇತ್ತು.

ಹೇಳಬೇಕೋ ಬೇಡವೋ ಗೊತ್ತಿಲ್ಲ, ಹೇಳುತ್ತೇನೆ. ಅಮ್ಮನಿಗೆ ಲಕ್ವ ಹೊಡೆದ ಮೇಲೆ ಬಾಯಿ ಎಡಕ್ಕೆ ಎಳೆದುಕೊಂಡಿತ್ತು. ಆ ದಿನಗಳಲ್ಲಿ ಹಾಸಿಗೆ ಪಕ್ಕ ಕೂತು ಇದ್ದಿಲಿನಲ್ಲಿ ಅವಳ ಮುಖ ಬರೆದೆ. ಬರೆಯುವುದನ್ನು ಅವಳು ನೋಡುತ್ತಿದ್ದಳು, ಬೇಡ ಅನ್ನಲಿಲ್ಲ. ಅವಳು ಹೋದ ಮೇಲೆ ಅದನ್ನು ಹಾಲ್‌ನಲ್ಲಿ ಹಾಕಲು ಒಡಹುಟ್ಟಿದವರು ಬಿಡಲಿಲ್ಲ. ಮದುವೆಯಲ್ಲಿ ತೆಗೆದ ನಗುಮುಖದ ಫೋಟೊ ಹಾಕಿದರು. ಆ ನಗು ಫೋಟೊಗ್ರಾಫರ್ ಹೇಳಿ ನಗಿಸಿದ್ದು. ನನ್ನ ಇದ್ದಿಲ ಚಿತ್ರದಲ್ಲಿ ಎಳೆದುಕೊಂಡ ತುಟಿಯಲ್ಲೇ ಅವಳು ನನ್ನ ಹೆಸರು ಹಿಡಿದು ಕರೆಯಲು ನೋಡುತ್ತಿದ್ದಾಳೆ. ನನಗೆ ಗೊತ್ತಿರುವ ಅಮ್ಮ ಅದರಲ್ಲಿದ್ದಾಳೆ. ಅದು ನನ್ನ ಕೋಣೆಯ ಗೋಡೆಯಲ್ಲಿದೆ, ಮನೆಗೆ ಬಂದವರು ನೋಡಬಹುದು.

ಕೊಳ್ಳುವವರಿಗೆ ಒಂದು ಮಾತು. ಬರೀ ಬೆಲೆ ಏರುತ್ತದೆ ಅಂತ ಕೊಂಡರೆ ಆ ಬೆಲೆ ಬೇರೆಯವರ ಕೈಯಲ್ಲಿರುತ್ತದೆ. ಎಂಬತ್ತರ ದಶಕದಲ್ಲಿ ಲಂಡನ್ನಿನ ಕಲಾಸಂಗ್ರಾಹಕ ಸಾಚಿ ಈ ಕಲಾವಿದರ ಚಿತ್ರಗಳನ್ನು ರಾಶಿ ರಾಶಿ ಕೊಂಡರು. ಆಮೇಲೆ ತಮ್ಮಲ್ಲಿದ್ದ ಇಟಲಿಯ ಸಾಂಡ್ರೊ ಚಿಯಾನ ಚಿತ್ರಗಳನ್ನು ಮಾರಿದಾಗ ಚಿಯಾನ ಹೆಸರಿಗೆ ಬಿದ್ದ ಹೊಡೆತದ ಬಗ್ಗೆ ಕಲಾಲೋಕ ಇನ್ನೂ ಮಾತಾಡುತ್ತದೆ. ಚಿತ್ರ ಅದೇ, ಬಣ್ಣ ಅದೇ, ಕೈ ಬದಲಾದದ್ದಷ್ಟೇ. ಇಂಥ ಏರಿಳಿತದ ಮೇಲೆ ಗೋಡೆ ನಂಬಿ ಕೂರಬೇಡಿ. ಆ ಮುಖದ ಜೊತೆ ದಿನಾ ಕಾಫಿ ಕುಡಿಯಲು ಆಗುತ್ತದೆಯೇ ನೋಡಿ, ಆದರೆ ಕೊಳ್ಳಿ.

ನಮ್ಮ ಜಿಲ್ಲೆಯಲ್ಲಿ ಕಲಿತ ಹುಡುಗ ಹುಡುಗಿಯರು ಒಳ್ಳೆಯ ಕೈ ಇರುವವರು ಇದ್ದಾರೆ. ಅವರಿಗೂ ಹೇಳುತ್ತೇನೆ, ಗ್ಯಾಲರಿಯವರು ಕೇಳುತ್ತಾರೆ ಅಂತ ಯಾರದೂ ಅಲ್ಲದ ನೊಂದ ಮುಖಗಳನ್ನು ಸಾಲಾಗಿ ಬರೆಯಬೇಡಿ. ನಿಮ್ಮ ಅಜ್ಜಿಯನ್ನು ಕೂರಿಸಿ ಬರೆಯಿರಿ. ಎಪಿಎಂಸಿಯಲ್ಲಿ ಮೂಟೆ ಹೊರುವವರನ್ನು ಕೇಳಿ, ಒಪ್ಪಿದರೆ ಬರೆಯಿರಿ.

ಜನವರಿಯಲ್ಲಿ ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಇಲ್ಲಿಂದ ಬೆಳಗಿನ ರೈಲು ಹಿಡಿದು ಹೋಗುವವರು ಬಹಳ ಜನ ಇದ್ದೀರಿ. ಕುಮಾರಕೃಪಾ ರಸ್ತೆಯಲ್ಲಿ ಇಂಥ ಮುಖವೊಂದು ನಿಮ್ಮನ್ನು ನಿಲ್ಲಿಸಿದರೆ ಬೆಲೆ ಕೇಳುವ ಮೊದಲು ಬಿಡಿಸಿದವರನ್ನು ಕೇಳಿ, ಇವರು ಯಾರು ಅಂತ. ಹೇಳಲು ಶುರು ಮಾಡಿದರೆ ಅವಸರ ಮಾಡದೆ ಪೂರ್ತಿ ಕೇಳಿಸಿಕೊಳ್ಳಿ. ಹೇಳಲು ಏನೂ ಇಲ್ಲದಿದ್ದರೆ ಮುಂದಿನ ಸ್ಟಾಲಿಗೆ ಹೋಗಿ.