ಒಳಗೆ ಹಾಕಿಕೊಳ್ಳುವಾಗ ಒಂದು ಗುಂಡಿ, ಹಿಂದೆ ಕೊಡುವಾಗ ನೂರೆಂಟು ತಕರಾರು

ಕ್ಲೌಡ್‌ನಲ್ಲಿ ಇಟ್ಟಿರುವ ನನ್ನದೇ ಫೈಲ್‌ಗಳ ಒಂದು ಪ್ರತಿಯನ್ನು ಮನೆಯ ಕಂಪ್ಯೂಟರಿಗೆ ತಂದು ಇಟ್ಟುಕೊಳ್ಳುವುದಕ್ಕೆ ಇಷ್ಟು ಹೆಣಗಬೇಕೇ? ಇದು ಪುಕ್ಕಟೆ ಸಿಕ್ಕಿದ ಸೇವೆಯಲ್ಲ. ವರ್ಷ ವರ್ಷವೂ ತಪ್ಪದೆ ಹಣ ಕಟ್ಟಿ ಬಳಸುತ್ತಿರುವುದು. ನನ್ನಿಂದ ಫೈಲ್‌ಗಳನ್ನು ತೆಗೆದುಕೊಳ್ಳುವ ದಿನ ಈ ಸೇವೆ ಕೊಡುವ ಸಂಸ್ಥೆಗೆ ನಾನು ಒಂದು ಗುಂಡಿ ಒತ್ತಿದ್ದೇ ಸಾಕಾಯಿತು. ರಾತ್ರಿ ಬೆಳಗಾಗುವುದರೊಳಗೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಎಲ್ಲವೂ ಅವರ ವಶಕ್ಕೆ ಹೋಗಿದ್ದವು. ಅದೇ ಫೈಲ್‌ಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ಇಳಿಸಿಕೊಳ್ಳಲು ಹೊರಟಾಗ ಈ ಮಳೆಗಾಲ ಪೂರ್ತಿ ಹೋಯಿತು, ಕೆಲಸ ಇನ್ನೂ ಮುಗಿದಿಲ್ಲ, ಕೆಲವು ಫೈಲ್‌ಗಳಂತೂ ಇನ್ನು ಸಿಗುವುದೂ ಇಲ್ಲ.

ಆ ಫೈಲ್‌ಗಳು ಏನು ಎಂಬುದನ್ನು ಹೇಳಿದರೆ ನನ್ನ ಸಿಟ್ಟು ಅರ್ಥವಾಗಬಹುದು. ನಮ್ಮ ತಂದೆಯವರು ಎಂಬತ್ತರ ದಶಕದಿಂದಲೂ ಉಡುಪಿ, ಬ್ರಹ್ಮಾವರ, ಕಾರ್ಕಳದ ಕಡೆ ಎಲ್ಲಿ ತಾಳಮದ್ದಳೆ ಕೂಟವಿದ್ದರೂ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗುತ್ತಿದ್ದರು. ತಾಳಮದ್ದಳೆಯೆಂದರೆ ವೇಷ, ಕುಣಿತ ಇಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ; ಪಾತ್ರವಾಗಿ ಆಡುವ ಆ ಮಾತಿಗೆ ಅರ್ಥ, ಆಡುವವರಿಗೆ ಅರ್ಥಧಾರಿ ಎನ್ನುತ್ತಾರೆ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಮ್ಮಲ್ಲಿ ಮಳೆಗಾಲವೆಂದರೆ ತಾಳಮದ್ದಳೆಯ ಕಾಲ. ದೇವಸ್ಥಾನದ ಚಾವಡಿಯಲ್ಲೋ ಯಾರದೋ ಮನೆಯ ಜಗಲಿಯಲ್ಲೋ ಕುಳಿತು ಅವರು ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥವನ್ನೂ ಮಲ್ಪೆ ರಾಮದಾಸ ಸಾಮಗರ ಅರ್ಥವನ್ನೂ ಧ್ವನಿಮುದ್ರಿಸಿಕೊಂಡಿದ್ದರು. ಆ ಕ್ಯಾಸೆಟ್‌ಗಳಿಗೆ ಕರಾವಳಿಯ ತೇವಕ್ಕೆ ಬೂಷ್ಟು ಹಿಡಿಯತೊಡಗಿದಾಗ ನಾನು ಅವುಗಳನ್ನು ಕಂಪ್ಯೂಟರಿಗೆ ಇಳಿಸಲು ಕುಳಿತೆ. ಅದರಲ್ಲಿ ಅವಸರ ಮಾಡಲು ಸಾಧ್ಯವೇ ಇಲ್ಲ, ಒಂದು ಗಂಟೆಯ ಕ್ಯಾಸೆಟ್ಟನ್ನು ಒಂದು ಗಂಟೆ ಓಡಿಸಿಯೇ ಇಳಿಸಿಕೊಳ್ಳಬೇಕು. ಸಿ.ಡಿ. ಗುಣಮಟ್ಟದಲ್ಲಿ ಇಟ್ಟರೆ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600 ಎಂಬಿ. ಒಟ್ಟು ಸುಮಾರು 180 ಜಿಬಿ ಆಯಿತು. ಕೆಲವು ಕಡೆ ಅರ್ಥಧಾರಿಯ ಮಾತಿನ ನಡುವೆಯೇ ಒಂದು ಬದಿ ಮುಗಿದು ಟಕ್ಕೆಂದು ಸದ್ದಾಗುತ್ತದೆ, ಮುಂದಿನ ಬದಿ ಶುರುವಾಗುವಾಗ ಮೈಕಿನ ಹತ್ತಿರ ಬಾಗಿ ತಂದೆಯವರು ತಗ್ಗಿದ ದನಿಯಲ್ಲಿ ಊರು, ತಾರೀಕು, ಹಾಡಿದ ಭಾಗವತರ ಹೆಸರು ಹೇಳುವುದು ಕೇಳಿಸುತ್ತದೆ. ಅವರು ತೀರಿಕೊಂಡ ಮೇಲೆ ಅವರ ದನಿ ನಮ್ಮ ಮನೆಯಲ್ಲಿ ಉಳಿದಿರುವುದು ಅಷ್ಟರಲ್ಲಿ ಮಾತ್ರ. ಹೆಚ್ಚಿನ ಕ್ಯಾಸೆಟ್‌ಗಳ ಟೇಪು ಈಗ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಮತ್ತೆ ಓಡಿಸುವಂತಿಲ್ಲ.

ಹೊಸ ಹಾರ್ಡ್ ಡಿಸ್ಕ್ ತಂದು ಆ ಫೋಲ್ಡರನ್ನು ಅದಕ್ಕೆ ಕಾಪಿ ಮಾಡಲು ಕೊಟ್ಟಾಗ ಅರ್ಧಕ್ಕಿಂತ ಹೆಚ್ಚು ಫೈಲ್‌ಗಳಿಗೆ ದೋಷದ ಸಂದೇಶ ಬಂತು. ಆ ಹೊತ್ತಿಗೆ ನೆಟ್ ಇರಲಿಲ್ಲ. ನನ್ನ ಕಂಪ್ಯೂಟರಿನಿಂದ ನನ್ನ ಹಾರ್ಡ್ ಡಿಸ್ಕ್‌ಗೆ ಕಾಪಿ ಮಾಡಲು ನೆಟ್ ಯಾಕೆ ಬೇಕು ಎಂದು ಒಂದು ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿದೆ. ‘ಸೈಜ್’ ಎಂಬಲ್ಲಿ 612 ಎಂಬಿ ಎಂದಿತ್ತು, ಅದರ ಕೆಳಗೆ ‘ಸೈಜ್ ಆನ್ ಡಿಸ್ಕ್’ ಎಂಬಲ್ಲಿ ಸೊನ್ನೆ. ಡಿಸ್ಕ್ ತುಂಬುತ್ತಾ ಬಂದಿದೆ ಎಂದು ಆ ತಂತ್ರಾಂಶ ತಾನಾಗಿಯೇ ನಿರ್ಧರಿಸಿ, ನಾನು ಕೆಲವು ಕಾಲ ತೆರೆಯದೆ ಇದ್ದ ಫೈಲ್‌ಗಳನ್ನೆಲ್ಲ ಖಾಲಿ ಮಾಡಿ, ಹೆಸರನ್ನೂ ಚಿತ್ರವನ್ನೂ ಮಾತ್ರ ಮೊದಲಿನಂತೆಯೇ ಉಳಿಸಿ, ಪಕ್ಕದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣದೊಂದು ಮೋಡದ ಗುರುತು ಹಾಕಿತ್ತು. ನನ್ನನ್ನು ಕೇಳಲಿಲ್ಲ, ತಿಳಿಸಲೂ ಇಲ್ಲ. ನನ್ನ ಮನೆಯ ಡಿಸ್ಕ್‌ನಲ್ಲಿ ಏನು ಇರಬೇಕು ಎಂದು ನಿರ್ಧರಿಸುವ ಅಧಿಕಾರವನ್ನು ಇವರಿಗೆ ಯಾರು ಕೊಟ್ಟರು?

ಹೋಗಲಿ, ಎಲ್ಲವನ್ನೂ ಮತ್ತೆ ಇಳಿಸಿಕೊಳ್ಳೋಣವೆಂದರೆ ಸೆಕೆಂಡಿಗೆ 40 ಮೆಗಾಬಿಟ್ ವೇಗ ಒಂದೇ ಸಮನೆ ಸಿಕ್ಕಿದರೂ 180 ಜಿಬಿಗೆ 10 ಗಂಟೆ ಬೇಕು. ಜುಲೈ ತಿಂಗಳ ಉಡುಪಿಯಲ್ಲಿ 10 ಗಂಟೆ ಎಡೆಬಿಡದೆ ಕರೆಂಟ್ ಮತ್ತು ನೆಟ್ ಎರಡೂ ಇರುವ ದಿನ ಯಾವುದು? ಮನೆಯಲ್ಲಿ ಇನ್ವರ್ಟರ್ ಇದ್ದರೂ ಬೀದಿಯ ಕಂಬದಲ್ಲಿರುವ ನೆಟ್‌ನವರ ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ಮುಗಿಯಿತು, ಸಿಡಿಲು ಶುರುವಾದರೆ ಪ್ಲಗ್ಗುಗಳನ್ನೇ ಕಿತ್ತಿಡಬೇಕು. ಇಂಥ ಅಡಚಣೆಗಳು ಪ್ರಪಂಚದ ಅರ್ಧ ಭಾಗದಲ್ಲಿ ಇವೆ, ಅದನ್ನು ಲೆಕ್ಕಕ್ಕೆ ಹಿಡಿದು ವ್ಯವಸ್ಥೆ ಮಾಡುವುದು ಅವರ ಕೆಲಸ. ಆದರೆ ಅವರ ಜಾಲತಾಣದಿಂದ ಇಳಿಸಿಕೊಳ್ಳಲು ಹೋದರೆ ಎಲ್ಲವನ್ನೂ ಜಿಪ್ ಕಟ್ಟುಗಳಾಗಿ ಒಡೆದು ಕೊಡುತ್ತಾರೆ. ಒಂದು ಕಟ್ಟು ಮುಕ್ಕಾಲು ಪಾಲು ಇಳಿದ ಮೇಲೆ ನೆಟ್ ಹೋದರೆ ಮತ್ತೆ ಮೊದಲಿನಿಂದ ಆಗಬೇಕು, ಕೊಂಡಿಗೆ ಕೊಟ್ಟ ಗಡುವು ಮುಗಿದರೆ ಹೊಸದಾಗಿ ಕೋರಿಕೆ ಸಲ್ಲಿಸಿ ಕಾಯಬೇಕು. ಇಷ್ಟಾಗಿ ಬಂದ ಕಟ್ಟುಗಳನ್ನು ಬಿಚ್ಚಿದರೆ ಒಂದೇ ಫೋಲ್ಡರಿನ ಫೈಲ್‌ಗಳು ಬೇರೆ ಬೇರೆ ಕಟ್ಟುಗಳಲ್ಲಿ ಚದುರಿಕೊಂಡಿದ್ದವು, ಹಳೆಯ ತಾರೀಕುಗಳು ಹೋಗಿ ಎಲ್ಲದಕ್ಕೂ ಇಳಿಸಿಕೊಂಡ ದಿನದ ತಾರೀಕು ಬಿದ್ದಿತ್ತು. ಯಾವ ಕ್ಯಾಸೆಟ್ಟಿನಲ್ಲಿ ಯಾವ ಕೂಟವಿದೆ ಎಂದು ನಾನು ಆನ್‌ಲೈನಿನಲ್ಲೇ ಟೈಪ್ ಮಾಡಿ ಇಟ್ಟಿದ್ದ ಪಟ್ಟಿ ಹಾರ್ಡ್ ಡಿಸ್ಕ್‌ಗೆ ಬಂದಾಗ ಅದರೊಳಗೆ ಪಟ್ಟಿಯೇ ಇರಲಿಲ್ಲ. ಅವರ ಜಾಲತಾಣದ ವಿಳಾಸವೊಂದು ಇತ್ತು, ಅಷ್ಟೆ.

ಇಷ್ಟನ್ನೆಲ್ಲ ಸಹಿಸಿಕೊಳ್ಳಬಹುದಿತ್ತು. ಸಹಿಸಲಾಗದ್ದು ಇದರ ಮುಂದಿನದು. ಕೆಲವು ಫೋಲ್ಡರ್‌ಗಳು ಎಲ್ಲಿಯೂ ಇರಲಿಲ್ಲ. ವಿಚಾರಿಸಿದಾಗ ಗೊತ್ತಾದದ್ದೇನೆಂದರೆ, ಅದೇ ಖಾತೆಯನ್ನು ಬಳಸುತ್ತಿರುವ ಮಂಗಳೂರಿನ ತಂಗಿಯ ಫೋನಿನಲ್ಲಿ ಜಾಗ ಕಡಿಮೆಯಾಗಿ, ದೊಡ್ಡ ಫೈಲ್‌ಗಳನ್ನು ತೆಗೆದುಹಾಕಿ ಎಂದು ಫೋನೇ ಸೂಚಿಸಿ, ಅವಳು ಫೋನಿನಿಂದ ಮಾತ್ರ ಹೋಗುತ್ತದೆ ಎಂದು ನಂಬಿ ಒಪ್ಪಿಗೆ ಕೊಟ್ಟಿದ್ದಳು. ಅವಳ ಫೋನಿನಲ್ಲಿ ಅಳಿಸಿದ್ದು ಕ್ಲೌಡ್‌ನಲ್ಲೂ ಅಳಿಯಿತು, ಇಲ್ಲಿ ಉಡುಪಿಯಲ್ಲಿ ನನ್ನ ಕಂಪ್ಯೂಟರಿನಲ್ಲೂ ಅಳಿಯಿತು. ಅವಳನ್ನು ದೂರಲು ನನಗೆ ಮನಸ್ಸಿಲ್ಲ, ಆ ಪರದೆಯನ್ನು ನೋಡಿದ ಯಾರಾದರೂ ಹಾಗೆಯೇ ನಂಬುತ್ತಾರೆ. ‘ನಿಮ್ಮ ಫೈಲ್‌ಗಳು ಸುರಕ್ಷಿತ’ ಎಂದು ದಿನವೂ ತೋರಿಸುವ ತಂತ್ರಾಂಶ ಮಾಡುತ್ತಿದ್ದದ್ದು ಎಲ್ಲ ಕಡೆಯೂ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದನ್ನು ಮಾತ್ರ, ಒಂದು ಕಡೆ ಹಾಳಾದರೆ ಎಲ್ಲ ಕಡೆಯೂ ಹಾಳು.

ಕಸದ ಬುಟ್ಟಿಯಲ್ಲಿ ಹುಡುಕಿದರೆ ಗಡುವು ಮುಗಿದು ಎಲ್ಲ ಖಾಲಿ. ಇದು ನಾನು ಹಣ ಕಟ್ಟುವ ಸಂಸ್ಥೆಯೊಂದರ ಕಥೆ ಮಾತ್ರವಲ್ಲ. ಒನ್‌ಡ್ರೈವ್‌ನ ವೈಯಕ್ತಿಕ ಖಾತೆಗಳಲ್ಲಿ ಅಳಿಸಿದ ಫೈಲ್ ಉಳಿಯುವುದು 30 ದಿನ, ಡ್ರಾಪ್‌ಬಾಕ್ಸ್‌ನ ಉಚಿತ ಖಾತೆಯಲ್ಲೂ 30 ದಿನ. ಗೂಗಲ್ ಡ್ರೈವ್‌ನಲ್ಲಿ ಹಿಂದೆ ನಾವೇ ಖಾಲಿ ಮಾಡುವವರೆಗೆ ಕಸದ ಬುಟ್ಟಿಯಲ್ಲಿ ಇರುತ್ತಿತ್ತು, 2020ರ ಅಕ್ಟೋಬರ್‌ನಿಂದ ಅಲ್ಲಿಯೂ 30 ದಿನ ಮಾಡಿದರು. ದಿನವೂ ತೆರೆಯುವ ಫೈಲಿಗೆ 30 ದಿನ ಸಾಕು. ಆದರೆ ಮನೆಯ ದಾಖಲೆಗಳನ್ನು, ಹಳೆಯ ಫೋಟೋಗಳನ್ನು, ಇಂಥ ಧ್ವನಿಮುದ್ರಣಗಳನ್ನು ತಿಂಗಳಿಗೊಮ್ಮೆ ತೆರೆದು ಎಣಿಸುವವರು ಯಾರಿದ್ದಾರೆ? ಜಾಗ ಮುಗಿಯುತ್ತಾ ಬಂದಿದೆ, ಹೆಚ್ಚು ಹಣ ಕಟ್ಟಿ ಎಂದು ವಾರಕ್ಕೊಂದು ಇಮೇಲ್ ಕಳುಹಿಸುವವರಿಗೆ, ‘ನಿಮ್ಮ ಖಾತೆಯಿಂದ ಇಷ್ಟು ಫೈಲ್‌ಗಳು ಅಳಿದಿವೆ, ಇಂಥ ದಿನ ಪೂರ್ತಿ ಹೋಗುತ್ತವೆ’ ಎಂದು ಎದ್ದು ಕಾಣುವ ಒಂದು ಸಂದೇಶ ಕಳುಹಿಸಲು ಏನು ಕಷ್ಟ?

ಕಂಪ್ಯೂಟರ್ ರಿಪೇರಿಯವರಲ್ಲಿಗೂ ಹೋದೆ. ಅವರು ಅಳಿದ ಫೈಲ್‌ಗಳನ್ನು ಹುಡುಕುವ ಫೋಟೋರೆಕ್ ತಂತ್ರಾಂಶ ಓಡಿಸಿ ನೋಡಿ ಸಮಾಧಾನದಿಂದ ವಿವರಿಸಿದರು: ಅಂಥ ತಂತ್ರಾಂಶಗಳು ಹುಡುಕಿ ಕೊಡುವುದು ಅಳಿಸಿದ ಮೇಲೂ ಡಿಸ್ಕ್‌ನಲ್ಲಿ ಉಳಿದಿರುವ ಮಾಹಿತಿಯನ್ನು; ಇಲ್ಲಿ ಫೈಲ್‌ಗಳು ಮೊದಲೇ ಖಾಲಿಯಾಗಿದ್ದವು, ಅಲ್ಲದೆ ಈಗಿನ ಎಸ್‌ಎಸ್‌ಡಿ ಎಂಬ ಚಿಪ್ಪಿನ ಡಿಸ್ಕ್‌ಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಖಾಲಿಯಾದ ಜಾಗವನ್ನು ಬೇಗನೆ ಪೂರ್ತಿ ಒರೆಸಿಬಿಡುತ್ತದೆ. ಸಂಸ್ಥೆಯ ಸಹಾಯವಾಣಿಯಿಂದ ಬಂದದ್ದು ಯಂತ್ರದ ಉತ್ತರ: ನಿಯಮದ ಪ್ರಕಾರ ಅವಧಿ ಮುಗಿದಿದೆ.

ಕಾನೂನಿನ ಮೇಲೂ ನನಗೆ ಸಿಟ್ಟಿದೆ. ಯುರೋಪಿನಲ್ಲಿ 2018ರ ಮೇ 25ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ಸಂರಕ್ಷಣಾ ಕಾನೂನಿನ 20ನೇ ವಿಧಿಯಂತೆ, ಒಬ್ಬ ವ್ಯಕ್ತಿ ತಾನು ಸಂಸ್ಥೆಗೆ ಕೊಟ್ಟ ಮಾಹಿತಿಯನ್ನು ಬಳಸಬಹುದಾದ ರೂಪದಲ್ಲಿ ಹಿಂದೆ ಪಡೆಯುವ ಹಕ್ಕು ಹೊಂದಿದ್ದಾನೆ. ನಮ್ಮಲ್ಲೂ 2019ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಮಸೂದೆಯಲ್ಲಿ ಅಂಥ ಹಕ್ಕು ಇತ್ತು. 2023ರಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು. ನನ್ನ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ಕೊಟ್ಟು, ಅದನ್ನು ಇಡಿಯಾಗಿ ಹಿಂದೆ ಕೊಡಿ ಎಂದು ಕೇಳುವ ಹಕ್ಕನ್ನು ತೆಗೆದದ್ದು ಯಾರ ಅನುಕೂಲಕ್ಕಾಗಿ?

ಈಗ ಸಿಕ್ಕಿದ್ದನ್ನೆಲ್ಲ ಎರಡು ಹಾರ್ಡ್ ಡಿಸ್ಕ್‌ಗಳಿಗೆ ಹಾಕುತ್ತಿದ್ದೇನೆ, ಒಂದು ಇಲ್ಲಿ, ಇನ್ನೊಂದು ತಂಗಿಯ ಮನೆಯಲ್ಲಿ. ಪ್ರತಿಯೊಂದು ಫೈಲನ್ನೂ ನೆಟ್ ಆಫ್ ಮಾಡಿ ತೆರೆದು, ನಡುವಿನಿಂದ ಸ್ವಲ್ಪ, ಕೊನೆಯಿಂದ ಸ್ವಲ್ಪ ಕೇಳಿ ನೋಡಿದ ಮೇಲೆಯೇ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೇನೆ. ಅಳಿದುಹೋದವುಗಳಲ್ಲಿ ತೊಂಬತ್ತರ ದಶಕದ ಆರಂಭದಲ್ಲಿ ಬ್ರಹ್ಮಾವರದ ಕಡೆ ನಡೆದ ಕೆಲವು ಮಳೆಗಾಲದ ಕೂಟಗಳಿವೆ. ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನಿಸುವ ಭಾಗ ಸುಮಾರು ಎರಡು ಗಂಟೆಯಷ್ಟು ಇದ್ದದ್ದು ಅವುಗಳಲ್ಲೇ. ಆ ಕಾಲದಲ್ಲಿ ತಂದೆಯವರಿಂದ ಕ್ಯಾಸೆಟ್ ತೆಗೆದುಕೊಂಡು ಪ್ರತಿ ಮಾಡಿಕೊಂಡವರು ಉಡುಪಿ, ಕುಂದಾಪುರ, ಕಾಸರಗೋಡಿನ ಕಡೆ ಅನೇಕರಿದ್ದರು. ಅಂಥವರ ಮನೆಯ ಅಟ್ಟದಲ್ಲಿ, ಹಳೆಯ ಪೆಟ್ಟಿಗೆಯಲ್ಲಿ ಅವು ಇದ್ದರೆ ದಯವಿಟ್ಟು ತಿಳಿಸಿ. ಬೂಷ್ಟು ಹಿಡಿದಿದ್ದರೂ ಅಡ್ಡಿಯಿಲ್ಲ, ಶುಚಿ ಮಾಡಿಸಿ ಇಳಿಸಿಕೊಂಡು, ನಿಮ್ಮ ಕ್ಯಾಸೆಟ್ಟನ್ನೂ ಅದರ ಒಂದು ಡಿಜಿಟಲ್ ಪ್ರತಿಯನ್ನೂ ನಾನೇ ಬಂದು ನಿಮ್ಮ ಕೈಗೆ ಕೊಡುತ್ತೇನೆ.