ವ್ಯಾನಿನ್ಯಾಗ ಮೊದಲ ಹಗ್ಗಕ್ಕ ಜಾಗಾ ಮಾಡ್ರಿ

ನವೆಂಬರ್ ಬಂತೆಂದರೆ ಬಾದಾಮಿಯ ಕೆಂಪು ಬಂಡೆಗಳ ಆಸುಪಾಸು ಹಗ್ಗ ಕಟ್ಟಿಕೊಂಡು ಬಂಡೆ ಹತ್ತುವವರ, ಹೊರರಾಜ್ಯದ ನಂಬರಿನ ವ್ಯಾನುಗಳು ಬಂದು ನಿಲ್ಲುತ್ತವೆ. ಈಗ ನಮ್ಮ ಬಾಗಲಕೋಟೆ, ಬೆಳಗಾವಿ ಹುಡುಗರೂ ಹಳೆ ಈಕೋ, ಓಮ್ನಿ ಹಿಡಿದು, ಒಳಗೇ ಮಲಗಿ ಉಳಿಯುವಂತೆ ಮಾಡಿಸಲು ಮಿಸ್ತ್ರಿ ಹತ್ತಿರ ಹೋಗುತ್ತಿದ್ದಾರೆ. ಬಾದಾಮಿಯಲ್ಲಿ ಒಂದಷ್ಟು ದಿನ, ಅಲ್ಲಿಂದ 140 ಕಿ.ಮೀ. ಆಚೆ ಹಂಪಿಯ ಕಲ್ಲುಗುಂಡುಗಳ ಮೇಲೆ ಒಂದಷ್ಟು ದಿನ, ರಾತ್ರಿ ವ್ಯಾನಿನಲ್ಲೇ ನಿದ್ದೆ. ಒಳ್ಳೆ ಹುಚ್ಚೇ. ಆದರೆ ರೊಕ್ಕ ಹೋಗುವುದು ಎಲ್ಲಿಗೆ? ಒಳಗೋಡೆಗೆ ಮರದ ಪಟ್ಟಿ, ಮಾಲೆದೀಪ, ಮಡಚುವ ಟೇಬಲ್. ಜೀವ ಹಿಡಿಯುವ ಹಗ್ಗ ಮಾತ್ರ ಹಿಂದೆ ಬ್ಯಾಟರಿ ಪಕ್ಕ ಬಿದ್ದಿರುತ್ತದೆ.

ಇಡೀ ವ್ಯಾನಿನಲ್ಲಿ ಹಗ್ಗಕ್ಕೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಲೆಡ್-ಆಸಿಡ್ ಬ್ಯಾಟರಿಯಲ್ಲಿರುವುದು ಸಲ್ಫ್ಯೂರಿಕ್ ಆಮ್ಲ. ಎರಡು ಹನಿ ತಾಗಿದರೂ, ಚಾರ್ಜ್ ಆಗುವಾಗ ಏಳುವ ಆಮ್ಲದ ಮಂಜು ಕೂತರೂ ನೈಲಾನ್ ಒಳಗೊಳಗೇ ಸಾಯುತ್ತದೆ. ಹಗ್ಗಕ್ಕೂ ಸೊಂಟ-ತೊಡೆಗೆ ಕಟ್ಟಿಕೊಳ್ಳುವ ಪಟ್ಟಿ ಹಾರ್ನೆಸ್‌ಗೂ ಅದೇ ಗತಿ. ಮೇಲೆ ಕಲೆಯೂ ಕಾಣದೆ ಇರಬಹುದು. ಬಿದ್ದ ದಿನ ಗೊತ್ತಾಗುತ್ತದೆ. ಅನುಮಾನ ಬಂದ ಹಗ್ಗವನ್ನು ಕತ್ತರಿಸಿ ಎಸೆಯಬೇಕು. ಇಡಿಯಾಗಿ ಯಾರಿಗಾದರೂ ಕೊಟ್ಟರೆ ಅವರು ಅದನ್ನೇ ಕಟ್ಟಿಕೊಂಡು ಹತ್ತುತ್ತಾರೆ.

ಅದಕ್ಕೇ ಮಿಸ್ತ್ರಿಗೆ ಮೊದಲು ಹೇಳಬೇಕಾದ್ದು ಹಾಸಿಗೆ ಅಳತೆಯಲ್ಲ, ಹಗ್ಗದ ಪೆಟ್ಟಿಗೆ. 60 ಮೀಟರ್ ಹಗ್ಗ ಚೀಲದ ಸಮೇತ ಹಿಡಿಯುವಷ್ಟು, ಮುಚ್ಚಳ ಇರುವಂಥದ್ದು, ಬ್ಯಾಟರಿಯಿಂದ, ಪೆಟ್ರೋಲಿನಿಂದ, ಕಿಟಕಿಯ ಬಿಸಿಲಿನಿಂದ ದೂರ. ಬಾದಾಮಿಯದು ಮರಳುಗಲ್ಲು. ಅದರ ಸಣ್ಣ ಉಸುಕು ಹಗ್ಗದ ಹೊರಪದರಕ್ಕೆ ಸೇರಿಕೊಂಡರೆ ಮರಳುಕಾಗದದಂತೆ ಕೆಲಸ ಮಾಡುತ್ತದೆ; ಇಳಿಯುವ ಸಾಧನ, ಹಗ್ಗ ಸಿಕ್ಕಿಸುವ ಲೋಹದ ಕೊಂಡಿ ಕ್ಯಾರಾಬಿನರ್ ಎಲ್ಲಕ್ಕೂ ಗೀರು. ಹಗ್ಗದಿಂದ ಕೈಗೆ ಕಪ್ಪು ಹತ್ತಲು ಶುರುವಾದರೆ ಅದನ್ನು 30 ಡಿಗ್ರಿ ಮೀರದ ನೀರಲ್ಲಿ ಬ್ಲೀಚ್ ಇಲ್ಲದೆ ತೊಳೆದು, ನೆರಳಲ್ಲಿ ಸಡಿಲವಾಗಿ ಹರಡಿ ಒಣಗಿಸಿ. ಬಿಸಿಲಿಗೆ ಹಾಕಬೇಡಿ. ಶೂಗಳನ್ನೂ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಅಂಟು ಬಿಟ್ಟು ರಬ್ಬರ್ ಬಾಯ್ದೆರೆಯುತ್ತದೆ.

ಇನ್ನು ಕರೆಂಟು. ಲೆಕ್ಕ ಹಾಕದೆ ದೊಡ್ಡ ಬ್ಯಾಟರಿ ತರುವವರೇ ಹೆಚ್ಚು. 20 ವ್ಯಾಟಿನ ಫ್ಯಾನ್ 8 ತಾಸು ಅಂದರೆ 160, ದೀಪ 40, ಎರಡು ಫೋನು 30, ಲ್ಯಾಪ್‌ಟಾಪ್ 60. ದಿನಕ್ಕೆ ಸುಮಾರು 300 ವ್ಯಾಟ್-ಅವರ್. 12.8 ವೋಲ್ಟಿನ 100 ಆಂಪ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇರುತ್ತದೆ, ಮೂರು ದಿನ ನಿಶ್ಚಿಂತೆ. ಅಷ್ಟೇ ದೊಡ್ಡ ಲೆಡ್-ಆಸಿಡ್‌ನಲ್ಲಿ ಅರ್ಧದ ಮೇಲೆ ಬಳಸಿದರೆ ಅದರ ಆಯುಷ್ಯ ಕಡಿಮೆಯಾಗುತ್ತದೆ, ತೂಕವೂ ಎರಡು ಪಟ್ಟಿಗಿಂತ ಹೆಚ್ಚು. ಲಿಥಿಯಂ ಅನ್ನು ನೇರವಾಗಿ ಆಲ್ಟರ್ನೇಟರಿಗೆ, ಅಂದರೆ ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವ ಯಂತ್ರಕ್ಕೆ, ಜೋಡಿಸಬೇಡಿ. ಅದು ಕೊಟ್ಟಷ್ಟೂ ಎಳೆಯುತ್ತದೆ, ಆಲ್ಟರ್ನೇಟರ್ ಕಾದು ಸುಟ್ಟೀತು. ನಡುವೆ ಕರೆಂಟಿಗೆ ಮಿತಿ ಹಾಕುವ 20 ಆಂಪಿನ ಡಿಸಿ-ಡಿಸಿ ಚಾರ್ಜರ್ ಇರಲಿ.

ವೈರಿನಲ್ಲಿ ಉಳಿತಾಯ ಮಾಡುವುದು ಗ್ಯಾರೇಜಿನವರ ಹಳೆ ಚಟ. ಬ್ಯಾಟರಿಯಿಂದ 3 ಮೀಟರ್ ದೂರಕ್ಕೆ 20 ಆಂಪ್ ಒಯ್ಯಲು 2.5 ಚದರ ಮಿ.ಮೀ. ವೈರ್ ಹಾಕಿದರೆ ಹೋಗಿ ಬರುವ 6 ಮೀಟರಿನಲ್ಲಿ ಸುಮಾರು 0.9 ವೋಲ್ಟ್ ತಿಂದುಹೋಗುತ್ತದೆ, ವೈರೂ ಬಿಸಿಯಾಗುತ್ತದೆ. 6 ಚದರ ಮಿ.ಮೀ. ಹಾಕಿ, 0.4ಕ್ಕೆ ಇಳಿಯುತ್ತದೆ. ಫ್ಯೂಸ್ ಬ್ಯಾಟರಿಯ ಪ್ಲಸ್ ತುದಿಗೆ ಗೇಣುದ್ದದೊಳಗೇ ಇರಬೇಕು. ಆ ಕಡೆ ತುದಿಯಲ್ಲಿ ಹಾಕಿದರೆ ನಡುವೆ ವೈರ್ ಉಜ್ಜಿ ಗಾಡಿಯ ಲೋಹದ ಮೈಗೆ ತಾಗಿದಾಗ ಕಾಯುವವರಿಲ್ಲ. ಸೋಲಾರ್ ಪ್ಯಾನೆಲ್ಲನ್ನು ಛಾವಣಿಗೆ ಅಂಟಿಸದೆ ಎರಡು ಇಂಚು ಎತ್ತರಿಸಿ. ಪ್ಯಾನೆಲ್ಲಿನ ಬಿಸಿ 25 ಡಿಗ್ರಿ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಶೇ. 0.4ರಷ್ಟು ಉತ್ಪಾದನೆ ಬೀಳುತ್ತದೆ. ನಮ್ಮ ಬಿಸಿಲಿಗೆ ಪ್ಯಾನೆಲ್ 65 ಮುಟ್ಟಿತೆಂದರೆ ಆರನೇ ಒಂದು ಪಾಲು ಹೋಯಿತು.

ಮಂಚ ಕಾಯಂ ವೆಲ್ಡ್ ಬೇಡ. ಸೀಟಿನ ಮೂಲ ಬೋಲ್ಟ್ ತೂತುಗಳಿಗೇ ಕೂರುವ, ಬಿಚ್ಚಲು ಬರುವ ಚೌಕಟ್ಟು ಮಾಡಿಸಿ. ಆರ್‌ಸಿಯಲ್ಲಿರುವುದಕ್ಕಿಂತ ಗಾಡಿ ಬೇರೆಯಾಗಿಬಿಟ್ಟರೆ ಗಾಡಿಯ ಮೂಲ ರೂಪ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. 18 ಮಿ.ಮೀ. ಪ್ಲೈವುಡ್ ಹಲಗೆ ಒಂದಕ್ಕೇ 30 ಕೆ.ಜಿ. ಮೇಲೆ, 12 ಮಿ.ಮೀ. ಸಾಕು.

ಗ್ಯಾಸ್ ಒಲೆ ಹೊರಗೆ ಹಚ್ಚಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ, ಅಂದರೆ ಹಾಸಿಗೆ ಕೆಳಗೇ ನಿಲ್ಲುತ್ತದೆ. ಹಾಗೆ ನೋಡಿದರೆ ನಮ್ಮ ಕಡೆ ಒಲೆಯ ಹಂಗೂ ಹೆಚ್ಚಿಲ್ಲ. ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ; ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಊರಲ್ಲಿ ಮೊಸರು. ದುಬಾರಿ ಎನರ್ಜಿ ಬಾರ್ ತರಿಸುವವರಿಗೆ ಅಮೀನಗಡದ ಒಣಹಣ್ಣು-ಬೆಲ್ಲದ ಸಿಹಿ ಕರದಂಟು ಯಾಕೆ ಕಾಣುವುದಿಲ್ಲವೋ ದೇವರೇ ಬಲ್ಲ. ಬಹಳಷ್ಟು ಊರುಗಳಲ್ಲಿ ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧ ನೀರಿನ ಘಟಕಗಳಿವೆ. 20 ಲೀಟರಿನ ಎರಡು ಕ್ಯಾನ್, ಚಿಲ್ಲರೆ ನಾಣ್ಯ ಇಟ್ಟುಕೊಂಡರೆ ಇಬ್ಬರಿಗೆ ಎರಡು ಮೂರು ದಿನಕ್ಕೆ ಸಾಕು. ಬಾದಾಮಿಯ ಮಂಗಗಳಿಗೆ ಸೊಳ್ಳೆಪರದೆ ಲೆಕ್ಕಕ್ಕಿಲ್ಲ, ಹಗಲು ಗಾಜು ಏರಿಸಿಯೇ ಹೋಗಬೇಕು.

ಮಳೆ ಬಿದ್ದರೆ ಎರಡು ಕೆಲಸ ನಿಲ್ಲಿಸಿ. ಒಂದು, ಹತ್ತುವುದು: ಮರಳುಗಲ್ಲು ನೀರು ಕುಡಿದು ಮೆತ್ತಗಾಗುತ್ತದೆ, ಹಿಡಿದ ಅಂಚು ಕೈಗೇ ಬರುತ್ತದೆ. ಮೇಲ್ಮೈ ಒಣಗಿತೆಂದು ನಂಬದೆ ಒಂದೆರಡು ದಿನ ಕಾಯಿರಿ. ಎರಡು, ಎರಿ (ಕಪ್ಪುಮಣ್ಣಿನ) ಹೊಲದ ದಾರಿಗೆ ವ್ಯಾನ್ ಇಳಿಸುವುದು. ಹೂತರೆ ಆಕ್ಸಿಲರೇಟರ್ ತುಳಿಯಬೇಡಿ, ಇನ್ನೂ ಇಳಿಯುತ್ತದೆ. ಹಿಂದಿನ ಗಾಲಿಯ ಗಾಳಿ 20 ಪಿಎಸ್‌ಐಗೆ ಇಳಿಸಿ, ಮುಂದೆ ಗೋಣಿಚೀಲ ಇಲ್ಲವೇ ಜೋಳದ ಕಣಿಕೆ ಹಾಸಿ, ಮೆಲ್ಲಗೆ ಗಾಡಿ ಹೊರಡಿಸಿ. ರಸ್ತೆಗೆ ಬಂದ ಮೇಲೆ ಗಾಳಿ ತುಂಬಲು ಪಂಪ್ ಜೊತೆಗಿರಲಿ.

ಹತ್ತುವ ಸೀಸನ್ನೂ ಕಬ್ಬು ನುರಿಸುವ ಸೀಸನ್ನೂ ಒಂದೇ. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ ಮೇಲೆ ಬರುವವರಿಗೆ ರಾತ್ರಿ ಎದುರಾಗುವುದು ಹಿಂದೆ ದೀಪವೂ ಇಲ್ಲದ, ರಿಫ್ಲೆಕ್ಟರ್ರೂ ಇಲ್ಲದ ಜೋಡಿ ಟ್ರೇಲರಿನ ಟ್ರ್ಯಾಕ್ಟರುಗಳು. ಕತ್ತಲಾಯಿತೆಂದರೆ ಯಾವುದಾದರೂ ಪೆಟ್ರೋಲ್ ಬಂಕಿಗೆ ತಿರುಗಿಸಿ ಕೇಳಿ: "ಅಣ್ಣಾರ, ಮುಂಜಾನಿ ತನಕ ಇಲ್ಲೇ ಒಂದ್ ಬಾಜೂಕ್ ಗಾಡಿ ನಿಂದರಸ್ಲೇನ್ರಿ?"